ಜೊಂಡುಬಕದ ಹಸಿರು ಕಾಲು

ಕಂದು ಹಚ್ಚಲೋ, ಹಸಿರು ಹಚ್ಚಲೋ?

ಲಂಡನ್ನಿನ ಹೊಗೆಯ ನಡುವೆ ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಟ್ಯಾಬಿತಾ ಲಾರ್ಟರ್ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು, ಕಲ್ಲಚ್ಚಿನ ಹಾಳೆಯ ಮೇಲಿನ ಜೊಂಡುಬಕದ ಕಾಲನ್ನೇ ನೋಡುತ್ತಾ ಕೂತಿದ್ದಾರೆ. ಎದುರಿಗೆ ಮಾದರಿ ಚಿತ್ರವಿದೆ. ಹಕ್ಕಿಗಳ ಈ ಪುಸ್ತಕದ ಕರ್ತೃ ವಿಥಮ್ ದೊರೆ ಸ್ವತಃ ಬಣ್ಣ ತುಂಬಿ ಕಳಿಸಿದ್ದು. ಅದರಲ್ಲಿ ಕಾಲು ಕಂದು.

ಅಚ್ಚಿನಂಗಡಿಯ ಈ ಕೋಣೆಯಲ್ಲಿ ಹೆಂಗಸರು ಒಂದೊಂದು ಹಕ್ಕಿಯನ್ನು ಹಂಚಿಕೊಂಡು ಬಣ್ಣ ಹಚ್ಚುತ್ತಾರೆ. ಪಕ್ಕದ ಡಾರ್ಕಸ್ ರೆಕ್ಕೆ ಮುಗಿಸಿ ಹಾಳೆ ದಾಟಿಸಿದರೆ, ಟ್ಯಾಬಿತಾ ಅವರದು ಕಾಲು ಮತ್ತು ಕಣ್ಣು. ದಿನಕ್ಕೆ ತೊಂಬತ್ತು ಹಾಳೆ, ಹನ್ನೊಂದು ವರ್ಷದಿಂದ. ಪುಸ್ತಕದಲ್ಲಿ ಹಕ್ಕಿಯನ್ನು ಕೊಂದವನ ಹೆಸರೂ ಇದೆ. ಬಣ್ಣ ಹಚ್ಚಿದವರ ಹೆಸರು ಒಂದು ಮೂಲೆಯಲ್ಲೂ ಇಲ್ಲ.

ಟ್ಯಾಬಿತಾ ಹುಟ್ಟಿದ್ದು ನಾರ್ಫೋಕಿನ ಜೌಗಿನಲ್ಲಿ. "ನಮ್ಮಪ್ಪ ಈ ಹಕ್ಕೀನ ಹೊಡೀತಿದ್ರು, ನಾನು ಕಾಲು ಹಿಡ್ಕೊಂಡು ಮನೆಗೆ ತರ್ತಿದ್ದೆ. ಮೈ ಬಿಸಿ ಆರೋ ಮೊದ್ಲು ಕಾಲು ಎಳೇ ಜೊಂಡಿನ ಹಸಿರು. ಒಣಗಿದ್ಮೇಲೇ ಕಂದು. ದೊರೆಗಳು ನೋಡಿರೋದು ಹೊಟ್ಟೇಲಿ ಹುಲ್ಲು ತುರುಕಿದ ಹಕ್ಕೀನ."

ಮೇಲ್ವಿಚಾರಕ ಪಿಮ್‌ಗೆ ಇದನ್ನು ಹೇಳಿಯೂ ಆಗಿದೆ. "ಜೌಗಿಂದ ಪಂಡಿತರು ಬಂದವ್ರೆ ನೋಡ್ರಮ್ಮಾ! ಮಾದರಿ ನೋಡ್ಕೊಂಡು ಹಚ್ಚು ತಾಯಿ, ತಿಂದಿದ್ದನ್ನ ನೆನಸ್ಕೊಂಡು ಹಚ್ಬೇಡ." ಇಡೀ ಮೇಜು ನಕ್ಕಿದೆ.

ಕುಂಚ ಕಂದಿಗೇ ಇಳಿಯುತ್ತದೆ. ಜೊಂಡುಬಕದ ಇನ್ನೂರು ಹಾಳೆಗಳಲ್ಲೂ ಕಾಲು ಕಂದಾಗುತ್ತದೆ.

ಎರಡು ತಿಂಗಳಿಗೆ ಜೌಗುಸೀಮೆಯ ಪಾದ್ರಿಯೊಬ್ಬರು ಕಾಲಿನ ಬಣ್ಣ ತಪ್ಪೆಂದು ದೊರೆಗೆ ಬರೆಯುತ್ತಾರೆ. ದೊರೆ ಮುಂದಿನ ಸಂಪುಟದಲ್ಲಿ ಚೀಟಿ ಅಂಟಿಸುತ್ತಾರೆ: 'ಬಣ್ಣ ಹಚ್ಚುವ ಹೆಂಗಸರ ಅಜ್ಞಾನದಿಂದಾದ ಪ್ರಮಾದ.' ಅಜ್ಞಾನವಂತೆ! ಬದುಕಿದ ಹಕ್ಕಿಯನ್ನೇ ಕಾಣದವರು ಪಂಡಿತರು, ಅದರ ಕಾಲು ಹಿಡಿದು ಬೆಳೆದವರು ಮೂಢರು. ಇಂಥ ಪುಸ್ತಕಕ್ಕೆ ಚಿನ್ನದ ಅಂಚು ಬೇರೆ.

ಅಷ್ಟಕ್ಕೇ ಬಿಡದೆ ದೊರೆ ಕೋಣೆಗೂ ಬರುತ್ತಾರೆ. "ಈ ಕಾಲಿಗೆ ಬಣ್ಣ ಹಚ್ಚಿದ್ದು ಯಾರು?"

ಪಿಮ್ ನೆಲ ನೋಡುತ್ತಾನೆ. "ಹೇಳ್ಬಿಡೇ ಟ್ಯಾಬಿ," ಡಾರ್ಕಸ್ ಪಿಸುಗುಟ್ಟುತ್ತಾರೆ, "ಬಾಯಿಗೇನು ಬೀಗ ಬಿದ್ದಿದ್ಯಾ?"

ಮಾದರಿಯೇ ತಪ್ಪೆಂದು ಹೇಳಿದರೆ ದೊರೆಯ ಮುಖಭಂಗ. ಪುಸ್ತಕದ ಕೆಲಸ ಬೇರೆ ಅಂಗಡಿಗೆ ಹೋಗುತ್ತದೆ, ಈ ಕೋಣೆಯ ಎಂಟು ಹೆಂಗಸರ ಒಲೆ ಆರುತ್ತದೆ.

"ನಾನೇ, ದೊರೆ," ಎನ್ನುತ್ತಾರೆ ಟ್ಯಾಬಿತಾ.

ಈಗ ಕಾಲನ್ನು ತಿದ್ದಿ ಹಸಿರು ಹಚ್ಚಲು ಹೊಸ ಹಾಳೆಗಳು ಬಂದಿವೆ. ಟ್ಯಾಬಿತಾ ಹಳದಿಗೆ ಚೂರು ನೀಲಿ ಕಲೆಸುತ್ತಿದ್ದಾರೆ. "ಹಕ್ಕಿಗಾದ್ರೂ ಅದರ ಕಾಲು ಸಿಕ್ತಲ್ಲ, ಬಿಡಿ."

ಹಸಿರೆಂದು ತಾನು ಮೊದಲೇ ಹೇಳಿದ್ದೆ ಎಂಬ ಮಾತನ್ನು ಅವರು ದೊರೆಯೆದುರು ಆಡಲೇ ಇಲ್ಲ.