ಹಿಂದಿನಿಂದ ಹರಿದ ಪುಸ್ತಕಗಳು

ನಾನು ಓದಿದ ಮೊದಲ ಹತ್ತು ಹನ್ನೆರಡು ಪುಸ್ತಕಗಳಿಗೆ ಕೊನೆಯೇ ಇರಲಿಲ್ಲ. ಬರೆದವರು ಬರೆದಿದ್ದರು, ಅಚ್ಚಿನವರು ಅಚ್ಚು ಹಾಕಿದ್ದರು. ಆದರೆ ಆ ಕೊನೆಗಳೆಲ್ಲ ಜೀರಿಗೆ, ಮೆಣಸು, ಬೆಲ್ಲದ ಜೊತೆ ಮಂಗಳೂರಿನ ಮನೆಮನೆಗೆ ಹೋಗಿಬಿಟ್ಟಿದ್ದವು. ನಮ್ಮ ಊರಿನ ಒಲೆಗಳಲ್ಲಿ ಎಷ್ಟು ರಾಜಕುಮಾರಿಯರ ಮದುವೆ ಉರಿದುಹೋಯಿತೋ ದೇವರೇ ಬಲ್ಲ.

ಬಂದರಿನಲ್ಲಿ ಒಬ್ಬ ಬ್ಯಾರಿ ಸಾಹುಕಾರರ ದಿನಸಿ ಅಂಗಡಿ ಇತ್ತು. ಊರು ಬಿಟ್ಟು ಹೋಗುವ ದೊರೆಗಳ ಬಂಗಲೆಯಿಂದಲೂ ತೀರಿಹೋದ ಮೇಷ್ಟ್ರುಗಳ ಕಪಾಟಿನಿಂದಲೂ ಹಳೆ ಪುಸ್ತಕಗಳನ್ನು ಗೋಣಿಯಲ್ಲಿ ತುಂಬಿಸಿ ತಂದು, ಪೊಟ್ಟಣ ಕಟ್ಟಲು ಇಟ್ಟುಕೊಳ್ಳುತ್ತಿದ್ದರು. ಬೋಳಾರದ ನಮ್ಮ ಮನೆಯಲ್ಲಿ ಅಜ್ಜಿ ಒಣಗಿಸಿದ ಮೀನನ್ನು ವಾರಕ್ಕೆರಡು ಸಲ ಆ ಅಂಗಡಿಗೆ ಮುಟ್ಟಿಸುವುದು ನನ್ನ ಕೆಲಸ. ಪಾದ್ರಿಗಳ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿದ್ದೆ. ಹೆಣ್ಣಿಗೆ ಅಷ್ಟು ಸಾಕು ಎಂದು ಶಾಲೆ ಬಿಡಿಸಿದ್ದರು. ಸಾಕಾಗಿರಲಿಲ್ಲ. ಅಂಗಡಿಯ ಗೋಣಿಯ ಮುಂದೆ ಕುಳಿತರೆ ಏಳುತ್ತಿರಲಿಲ್ಲ.

"ಓದು ಮಗಳೇ, ಓದು. ಆದರೆ ಬೇಗ ಓದು. ನನಗೆ ಕಾಗದ ಬೇಕು," ಎನ್ನುತ್ತಿದ್ದರು ಸಾಹುಕಾರರು.

ಒಂದು ಪುಸ್ತಕವನ್ನು ನಾನು ಮುಂದಿನಿಂದ ಓದುತ್ತಾ ಹೋಗುವುದು, ಅದೇ ಪುಸ್ತಕವನ್ನು ಅವರು ಹಿಂದಿನಿಂದ ಹರಿಯುತ್ತಾ ಬರುವುದು. ಎಲ್ಲೋ ನಡುವೆ ನಾವಿಬ್ಬರೂ ಭೇಟಿಯಾಗುತ್ತಿದ್ದೆವು. ಹಡಗು ಒಡೆದು ದ್ವೀಪ ಸೇರಿದ ಕಪ್ತಾನ ಒಂದು ಪೆಟ್ಟಿಗೆಯ ಬೀಗಕ್ಕೆ ಕೈ ಹಾಕಿದ. ಮುಂದೆ ಪುಟವಿಲ್ಲ. ಮಾತಾಡುವ ಆಮೆಯ ಬೆನ್ನೇರಿ ಪಾತಾಳಕ್ಕೆ ಹೋದ ರಾಜಕುಮಾರಿ ಇವತ್ತಿಗೂ ಅಲ್ಲೇ ಇದ್ದಾಳೆ. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಎಂತ ಸಾಹುಕಾರ್ರೆ, ಕೊನೆಯನ್ನೇ ಯಾಕೆ ಹರಿಯುವುದು? ಮೊದಲಿನಿಂದ ಹರಿಯಬಾರದಾ?"

ಅವರಿಗೆ ನಿಜವಾಗಿ ಬೇಸರವಾಯಿತು. "ಅಲ್ಲ ಮಾರಾಯ್ತಿ, ನಾನು ಮೊದಲಿನಿಂದಲೇ ಹರಿಯುವುದಲ್ಲವಾ? ಕಥೆಗೆ ಕೊನೆ ಮುಖ್ಯ, ಅದು ನಿನಗೆ ಇರಲಿ ಅಂತ!"

ಆಮೇಲೆ ಅರ್ಥವಾಯಿತು. ಅವರು ಓದಲು ಕಲಿತದ್ದು ಅರಬಿ ಅಕ್ಷರ. ಬಲದಿಂದ ಎಡಕ್ಕೆ. ಅವರ ಪಾಲಿಗೆ ಪುಸ್ತಕ ಶುರುವಾಗುವುದೇ ನಮ್ಮದು ಮುಗಿಯುವ ಕಡೆಯಿಂದ. ಎರಡು ವರ್ಷ ಆ ಪುಣ್ಯಾತ್ಮರು ನನ್ನ ಮೇಲಿನ ಪ್ರೀತಿಯಿಂದಲೇ ನನ್ನ ಕಥೆಗಳ ಕುತ್ತಿಗೆ ಕೊಯ್ದಿದ್ದರು. ವಿಷಯ ತಿಳಿದ ಮೇಲೆ ಅವರು ತಲೆ ತಲೆ ಚಚ್ಚಿಕೊಂಡು, ಮಾರನೆಯ ದಿನದಿಂದ ಮುಂದಿನಿಂದ ಹರಿಯತೊಡಗಿದರು. ಆಗ ಕೊನೆ ಸಿಕ್ಕಿತು, ಮೊದಲು ಹೋಯಿತು. ಯಾರು ಯಾರನ್ನು ಯಾಕೆ ಕೊಂದರು ಎಂದೇ ತಿಳಿಯಲಿಲ್ಲ. "ಮೊದಲಿನ ಹಾಗೇ ಹರಿಯಿರಿ," ಎಂದೆ.

ಅವರ ಅಂಗಡಿಗೆ ಇನ್ನೊಂದು ಕಟ್ಟಳೆ ಇತ್ತು. ದೇವರ ಹೆಸರಿರುವ ಕಾಗದ ಹರಿಯಬಾರದು, ಯಾರ ದೇವರಾದರೂ ಸರಿ. ಕನ್ನಡ ಅವರಿಗೆ ಮಾತಿಗೆ ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹಾಗಾಗಿ ಪ್ರತಿ ಪುಸ್ತಕವನ್ನೂ ಎತ್ತಿ ಹಿಡಿದು, "ಇದರಲ್ಲಿ ದೇವರ ಹೆಸರು ಉಂಟಾ?" ಎಂದು ನನ್ನನ್ನು ಕೇಳುತ್ತಿದ್ದರು. ಉಂಟು ಎಂದರೆ ಅದು ಮೇಲಿನ ಹಲಗೆಗೆ ಹೋಗುತ್ತಿತ್ತು. ಹೀಗಾಗಿ ಮತಪ್ರಚಾರದ ಪುಸ್ತಿಕೆಗಳು, ಪುರಾಣಗಳು, ಸಂತರ ಕಥೆಗಳು ನನಗೆ ಇಡಿಇಡಿಯಾಗಿ ಸಿಕ್ಕಿದವು. ಪಾಪಿಗಳಿಗೆಲ್ಲ ಕೊನೆಗೆ ಎಂತ ಆಯಿತು ಎಂಬುದು ನನಗೆ ಚೆನ್ನಾಗಿ ಗೊತ್ತು, ಕಡಲ್ಗಳ್ಳರಿಗೆ ಎಂತ ಆಯಿತು ಎಂಬುದು ಮಾತ್ರ ಬಹಳ ಕಾಲ ಗೊತ್ತಾಗಲಿಲ್ಲ. ಸ್ವಲ್ಪ ಬುದ್ಧಿ ಬಂದ ಮೇಲೆ ಕಡಲ್ಗಳ್ಳರನ್ನೂ ದೇವರ ಲೆಕ್ಕಕ್ಕೆ ಸೇರಿಸಿದೆ. "ಉಂಟು ಸಾಹುಕಾರ್ರೆ, ತುಂಬ ಉಂಟು," ಎನ್ನುವಾಗ ನನ್ನ ಕಣ್ಣೆವೆ ಕೂಡ ಅಲುಗುತ್ತಿರಲಿಲ್ಲ.

ಹಾಗೆ ಉಳಿಸಿಕೊಂಡದ್ದರಲ್ಲಿ ಬರ್ಮಾ, ಸಯಾಂ, ಚೀನಾ ದೇಶಗಳ ಆಚಾರವಿಚಾರದ ಒಂದು ದಪ್ಪ ಪುಸ್ತಕವೂ ಇತ್ತು. ಅದನ್ನು ಉಳಿಸಿದ್ದು ನನಗಾಗಿ ಅಲ್ಲ, ಅಜ್ಜಿಗಾಗಿ. ಅಜ್ಜಿಯ ಒಬ್ಬನೇ ಮಗ, ನನ್ನ ಸೋದರಮಾವ, ಹಂಚು ತುಂಬಿದ ಹಡಗಿನಲ್ಲಿ ಕೂಲಿಯಾಗಿ ಹೋದವನು ರಂಗೂನಿನ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕೆ ನಿಂತಿದ್ದ. ವರ್ಷಕ್ಕೊಂದು ಕಾಗದ ಬರುತ್ತಿತ್ತು. ಜಪಾನಿನವರ ಯುದ್ಧ ಆ ಕಡೆಗೆ ಹಬ್ಬಿದ ಮೇಲೆ ಅದೂ ನಿಂತಿತು. ಮಗನ ಸುದ್ದಿ ಇಲ್ಲದಿದ್ದರೆ ಮಗನಿರುವ ದೇಶದ ಸುದ್ದಿಯಾದರೂ ಬೇಕು ಎಂದು ಅಜ್ಜಿ ಹಟ ಹಿಡಿದಳು. ಬಲ್ಮಠದ ಮನೆಗಳಿಗೆ ಮೀನಿನ ಬುಟ್ಟಿ ಹೊತ್ತು ತಿರುಗಿ ಬಂದು, ಊಟ ಮಾಡಿ, ಕಾಲು ಚಾಚಿ, "ಓದು," ಎನ್ನುವಳು.

ನಮ್ಮ ಮನೆಮಾತು ತುಳು. ಅಜ್ಜಿಯ ಮಾತನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಕೇಳಿದ್ದರೆ ಬೈಯುತ್ತಿದ್ದಳು. ನಾನು ಮೊದಲು ಒಂದೊಂದೇ ಸಾಲನ್ನು ಪುಸ್ತಕದ ಕನ್ನಡದಲ್ಲಿ ಗಟ್ಟಿಯಾಗಿ ಓದಿ, ಆಮೇಲೆ ತುಳುವಿನಲ್ಲಿ ಹೇಳಬೇಕು. ಅಷ್ಟರವರೆಗೆ ಅಜ್ಜಿ ಸುಮ್ಮನಿದ್ದರೆ ತಾನೆ!

"ಆ ರಾಜನಿಗೆ ಅರಿಗಳ ಕಾಟ ತಪ್ಪಲಿಲ್ಲ," ಎಂದು ಓದಿದೆ. ಪುಸ್ತಕದ ಕನ್ನಡದಲ್ಲಿ ಅರಿ ಎಂದರೆ ಶತ್ರು, ತುಳುವಿನಲ್ಲಿ ಅಕ್ಕಿ.

"ಅಕ್ಕಿಯ ಕಾಟವಾ?" ಅಜ್ಜಿ ಕಣ್ಣರಳಿಸಿದಳು. "ಅಂಥ ಕಾಟ ನಮಗೂ ಬರಲಿ! ಸುಮ್ಮನೆ ಗಿರಣಿ ಇಟ್ಟಿದ್ದಾರಾ ಅಲ್ಲಿ?"

ಅಲ್ಲಿನ ಭಕ್ತರು "ಬುದ್ಧನಲ್ಲಿ ಕ್ಷಮೆ ಕೋರಿ" ಮನೆಗೆ ಹೋಗುತ್ತಾರೆ ಎಂದು ಇನ್ನೊಂದು ಕಡೆ ಇತ್ತು. ತುಳುವಿನಲ್ಲಿ ಕೋರಿ ಎಂದರೆ ಕೋಳಿ. "ನೋಡು, ಆ ದೇವರಿಗೂ ಕೋಳಿ ಆಗಬೇಕು. ನಮ್ಮ ಭೂತದ ಹಾಗೇ. ನನ್ನ ಮಗನಿಗೆ ಪರವೂರು ಅಂತ ಅನಿಸಲಿಕ್ಕಿಲ್ಲ," ಎಂದಳು. ಜೀವಹಿಂಸೆ ಬೇಡ ಎಂದ ಮಹಾತ್ಮನ ಕೈಗೆ ನಮ್ಮ ಅಜ್ಜಿ ಕೋಳಿ ಕೊಟ್ಟಳಲ್ಲ ಎಂದು ನಾನು ಬಿದ್ದು ಬಿದ್ದು ನಕ್ಕೆ. ತಿದ್ದಲು ಹೋಗಲಿಲ್ಲ. ಓದಿದವಳು ಎಂಬ ಜಂಬ ಬೇರೆ ಇತ್ತು ನನಗೆ. ಅಜ್ಜಿಗೆ ಕನ್ನಡ ಬರುವುದಿಲ್ಲ ಎಂದು ಊರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಪುಸ್ತಕ ಮುಗಿದ ಮೇಲೂ ಅವಳು "ಓದು" ಎಂದಾಗ, ಖಾಲಿ ರಟ್ಟು ನೋಡಿಕೊಂಡೇ ರಂಗೂನಿನಲ್ಲಿ ಆಮೆಗಳು ಮಾತಾಡುತ್ತವೆ ಎಂದು ಓದಿದೆ. ಹರಿದ ಕಥೆಗಳಿಗೆ ನಾನೇ ಕೊನೆ ಕಟ್ಟಿ ಕಟ್ಟಿ ಅಷ್ಟು ಹೊತ್ತಿಗೆ ನನ್ನ ಕೈ ಪಳಗಿತ್ತು.

ಆಮೇಲೆ ಒಂದು ದಿನ ಕಾಗದ ಬಂತು. ವಿಳಾಸ ಸಾಹುಕಾರರ ಅಂಗಡಿಯದು. ಅವರೇ ನಮ್ಮ ಮನೆಯವರೆಗೆ ನಡೆದು ಬಂದು ಕೊಟ್ಟು ಹೋದರು. ಅಜ್ಜಿ ಮೀನಿನ ಕೈ ತೊಳೆಯದೆ ಅಂಗಳದಲ್ಲೇ ಕುಳಿತಳು. ನಾನು ಯಾವಾಗಿನ ಅಭ್ಯಾಸದಂತೆ, ಮುಂದೆ ಎಂತ ಉಂಟು ಎಂದು ನೋಡದೆ ಗಟ್ಟಿಯಾಗಿ ಓದಿದೆ. "ಶ್ರೀ. ನಿಮ್ಮ ಮಗನ ಜೊತೆ ಗಿರಣಿಯಲ್ಲಿ ಇದ್ದವನು ಬರೆಯುವುದು. ನಿಮ್ಮ ಮಗ ಈಗ ಇಲ್ಲ."

ಗಟ್ಟಿಯಾಗಿ ಓದುವುದು ಅಲ್ಲಿಗೇ ನಿಂತಿತು. ಕಣ್ಣು ಮಾತ್ರ ಕೆಳಗೆ ಓಡಿತು. ರಂಗೂನು ಬಿಟ್ಟು ಎಲ್ಲರೂ ನಡೆದು ಬರುವಾಗ ಕಾಡುದಾರಿಯಲ್ಲಿ ಜ್ವರ ಬಂತು, ಅಲ್ಲೇ ಮಣ್ಣು ಮಾಡಿ ಬಂದೆವು ಎಂದಿತ್ತು.

ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ತುಳುವಿನಲ್ಲಿ ಮನೆಗೆ ಇಲ್ಲ್ ಎನ್ನುತ್ತಾರೆ.

"ಇಲ್ಲಾ?" ಎಂದಳು ಮೆಲ್ಲಗೆ. "ಇಲ್ಲ್ ಕಟ್ಟಿದನಾ ನನ್ನ ಮಗ?"

"ಹೌದಜ್ಜಿ," ಎಂದೆ. "ಮನೆ ಕಟ್ಟಿದ್ದಾನಂತೆ."

"ಯುದ್ಧದ ಊರಿನಲ್ಲಾ?"

"ಅಲ್ಲ, ಅಲ್ಲಿಂದ ದೂರ. ಕಾಡಿನ ಬದಿಯಲ್ಲಿ."

ಅಷ್ಟು ಹೇಳಿ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಅಜ್ಜಿ ಬಿಟ್ಟರೆ ತಾನೆ! ಎರಡು ದಿನಕ್ಕೊಮ್ಮೆ ಕಾಗದ ಓದು ಎನ್ನುವಳು. ಒಂದು ಓದಿಗೆ ಸಾಗುವಾನಿ ಕಂಬ ಬಂತು, ಇನ್ನೊಂದಕ್ಕೆ ಮಂಗಳೂರು ಹಂಚು. ದ್ವೀಪದ ಕಪ್ತಾನನಿಂದ ಒಂದು ಪೆಟ್ಟಿಗೆ ಕಸಿದು ಮಾವನ ಚಾವಡಿಯಲ್ಲಿ ಇಟ್ಟೆ. ಬರೀ ಅರ್ಧ ಹಾಳೆಯ ಕಾಗದದಲ್ಲಿ ಇಷ್ಟು ದೊಡ್ಡ ಮನೆ ಹೇಗೆ ಹಿಡಿಯಿತು ಎಂದು ಅಜ್ಜಿ ಒಮ್ಮೆಯೂ ಕೇಳಲಿಲ್ಲ. ಮೀನು ಮಾರುಕಟ್ಟೆಯಲ್ಲಿ ಸುದ್ದಿ ಹಬ್ಬಿತು. ಹೆಂಗಸರು ಬಂದು ಸಂತೋಷ ಹೇಳಿ ವೀಳ್ಯ ಹಾಕಿಕೊಂಡು ಹೋದರು. ಮಾವ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕಡಲು ತೋರಿಸಿದವನು. ಅವನಿಗಾಗಿ ಅಳಲಿಕ್ಕೂ ನನ್ನ ಸುಳ್ಳು ಬಿಡುತ್ತಿರಲಿಲ್ಲ.

ಆ ಕಾಗದವೇ ಇಲ್ಲದಿದ್ದರೆ ಸರಿಹೋದೀತು ಎನಿಸಿತು. ಅಂಗಡಿಗೆ ಒಯ್ದು, ಇದರಲ್ಲಿ ಒಂದು ಪೊಟ್ಟಣ ಕಟ್ಟಿ ಯಾರಿಗಾದರೂ ಕೊಟ್ಟುಬಿಡಿ ಎಂದು ಸಾಹುಕಾರರ ಮುಂದೆ ಇಟ್ಟೆ. ಅವರಿಗೆ ಅದು ಯಾವ ಕಾಗದ ಎಂದು ಗೊತ್ತಿತ್ತು. ಮಾವ ಮನೆ ಕಟ್ಟಿದ ಸುದ್ದಿಯೂ ಮುಟ್ಟಿತ್ತು. ನನ್ನನ್ನೊಮ್ಮೆ ನೋಡಿದರು.

"ದೇವರ ಹೆಸರು ಉಂಟಾ?"

ಕಡಲ್ಗಳ್ಳರನ್ನು ದೇವರು ಮಾಡಿದ್ದ, ರಂಗೂನಿನ ಆಮೆಗಳಿಗೆ ಮಾತು ಕಲಿಸಿದ್ದ ನನ್ನ ಬಾಯಿಗೆ, ಬೇಕಾದಾಗ ಒಂದು ಸುಳ್ಳು ಬರಲಿಲ್ಲ. "ಮೇಲೆ ಶ್ರೀ ಅಂತ ಉಂಟು," ಎಂದೆ. ಹೇಳುತ್ತಲೇ ಅಳು ಬಂತು. ಮಾವ ತೀರಿಹೋದದ್ದನ್ನು ಬಾಯಿಬಿಟ್ಟು ಹೇಳಿದ್ದು ಅವರ ಹತ್ತಿರವೇ ಮೊದಲು.

ಅವರು ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟರು. "ಇದು ಹರಿಯುವ ಕಾಗದ ಅಲ್ಲ ಮಗಳೇ. ಹೇಳುವುದಾದರೆ ಹೇಳು, ಇಲ್ಲದಿದ್ದರೆ ಇಟ್ಟುಕೋ."

ಹೇಳಿಬಿಡಬೇಕು ಎಂದು ನಿಶ್ಚಯಿಸಿದ ವಾರವೇ ಅಜ್ಜಿಗೆ ಮಂಡಿ ನೋವು ಎದ್ದಿತು. ಬುಟ್ಟಿ ಹೊತ್ತುಕೊಂಡು ನಾನೂ ಬಲ್ಮಠಕ್ಕೆ ಹೋದೆ. ದಾರಿಯಲ್ಲೇ ಹೇಳುವುದೆಂದು ಬಾಯಿ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದೆ. ಘಟ್ಟದ ಮೇಲಿನಿಂದ ಬಂದ ಮೇಷ್ಟ್ರೊಬ್ಬರ ಮನೆಯ ಗೇಟಿನಲ್ಲಿ ಅಜ್ಜಿ, "ಅಮ್ಮಾ, ಮೀನು!" ಎಂದು ಕೂಗಿದಳು. ಕೆಲಸದವಳು ಕಿಟಕಿಯಿಂದ ಕನ್ನಡದಲ್ಲಿ ಹೇಳಿದಳು. "ಅಮ್ಮ ಇಲ್ಲ."

"ಇಲ್ಲವಾ? ಆಗಲಿ, ನಾಳೆ ಬರ್ತೇನೆ," ಎಂದು ಅಜ್ಜಿ ಅಚ್ಚ ಕನ್ನಡದಲ್ಲಿ ಹೇಳಿ ಮುಂದಿನ ಗೇಟಿಗೆ ತಿರುಗಿದಳು.

ನಾನು ನಿಂತಲ್ಲೇ ನಿಂತೆ. ಮೂವತ್ತು ವರ್ಷ ಆ ಬೀದಿಯಲ್ಲಿ ಬುಟ್ಟಿ ಹೊತ್ತವಳು. ಆ ಬಾಗಿಲುಗಳಲ್ಲಿ ಅವಳು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಮಾತು ಅದೇ ಇರಬೇಕು. ಅಮ್ಮ ಇಲ್ಲ ಎಂದರೆ ಅಮ್ಮ ಮನೆ ಕಟ್ಟಿದಳು ಎಂದು ಅವಳು ಒಂದು ದಿನವೂ ತಿಳಿದವಳಲ್ಲ.

"ಎಂತ ನಿಂತೆ? ಮೀನು ಕೊಳೆಯುತ್ತದೆ," ಎಂದಳು ತಿರುಗಿ. ನಾನು ಅವಳ ಹಿಂದೆ ನಡೆದೆ. ಹೇಳಬೇಕೆಂದಿದ್ದದ್ದನ್ನು ಹೇಳಲಿಲ್ಲ.

ಮನೆಗೆ ಬಂದು ಊಟವಾದ ಮೇಲೆ ಅಜ್ಜಿ ಕಾಲು ಚಾಚಿ ಕುಳಿತಳು. ಕಾಗದ ಓದು ಎಂದಳು. ನಾನು ಬಿಡಿಸಿ ಹಿಡಿದುಕೊಂಡೆ. ಅಕ್ಷರಗಳು ಕಲಸಿಹೋಗಿ ಏನೂ ಕಾಣಿಸಲಿಲ್ಲ.

"ಕಂಬ ಹೇಳಿದೆ, ಹಂಚು ಹೇಳಿದೆ," ಎಂದಳು ಅಜ್ಜಿ, ನನ್ನ ಕಡೆ ನೋಡದೆ. "ಬಾಗಿಲು ಯಾವ ದಿಕ್ಕಿಗೆ ಅಂತ ನೀನು ಹೇಳಲೇ ಇಲ್ಲ."

"ಪಡುವಣಕ್ಕೆ ಅಜ್ಜಿ," ಎಂದೆ. "ನಮ್ಮ ಕಡೆಗೆ."

"ತೆರೆದಿದ್ದಾನಾ, ಮುಚ್ಚಿದ್ದಾನಾ?"

"ತೆರೆದೇ ಇದೆ ಅಂತ ಬರೆದಿದ್ದಾರೆ."

ಅಜ್ಜಿ ಕೈ ಚಾಚಿ ಕಾಗದ ತೆಗೆದುಕೊಂಡಳು. ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮತ್ತೆ ಯಾವತ್ತೂ ಅದನ್ನು ಓದು ಎನ್ನಲಿಲ್ಲ.