ಮೊದಲು ಕಟ್ಟು, ಆಮೇಲೆ ಹೇಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಾರ್ಕಿನ ಗೇಟಿಗೆ ಒಳಗಿನಿಂದ ಚಿಲಕ ಬಿದ್ದಿದೆ. ಉಯ್ಯಾಲೆಗಳ ಕೆಳಗಿನ ಮರಳಿನಲ್ಲಿ ಕುಕ್ಕರುಗಾಲಲ್ಲಿ ಕುಳಿತ ಹೆಂಗಸೊಬ್ಬರು ಜರಡಿ ಹಿಡಿಯುತ್ತಿದ್ದಾರೆ. ಒಂದು ಬೊಗಸೆ ಮರಳು, ಎರಡು ಸಲ ಅತ್ತಿತ್ತ ಅಲುಗಾಟ. ಮರಳು ಇಳಿದುಹೋದ ಮೇಲೆ ಜರಡಿಯಲ್ಲಿ ಉಳಿಯುವುದು ಒಂದು ಬಾಟಲಿ ಮುಚ್ಚಳ, ಒಂದು ಹೇರ್‌ಪಿನ್ನು, ಉಗುರಿಗಿಂತ ಚಿಕ್ಕದೊಂದು ಗಾಜಿನ ಚೂರು. ಗಾಜು ಪಕ್ಕದ ಡಬ್ಬಿಗೆ ಹೋಗುತ್ತದೆ, ಹೇರ್‌ಪಿನ್ನು ಜೇಬಿಗೆ. “ಯಾವುದೋ ಮಗು ಕೇಳ್ಕೊಂಡು ಬರುತ್ತೆ,” ಎನ್ನುತ್ತಾರೆ ತಲೆ ಎತ್ತದೆ.

ಮಕ್ಕಳ ಬಾಯಲ್ಲಿ ಅವರು ಜರಡಿ ಅಜ್ಜಿ. ನಗರಸಭೆಯ ಕಡತದಲ್ಲಿ ಸ್ವಚ್ಛತಾ ಕೆಲಸಗಾರ್ತಿ. ವಯಸ್ಸು ಐವತ್ತೆಂಟು ದಾಟಿದೆ, ಈ ಪಾರ್ಕಿಗೆ ಬಂದು ಹತ್ತೊಂಬತ್ತು ವರ್ಷ. ಎಲೆ ಗುಡಿಸಬೇಕು, ಗಿಡಕ್ಕೆ ನೀರು ಬಿಡಬೇಕು, ಹೊತ್ತಿಗೆ ಸರಿಯಾಗಿ ಗೇಟು ತೆಗೆದು ಹಾಕಬೇಕು ಎಂದಷ್ಟೇ ಅವರ ಕೆಲಸದ ಪಟ್ಟಿ ಹೇಳುತ್ತದೆ. ಮರಳು ಜರಡಿ ಹಿಡಿಯಬೇಕೆಂದು ಅದರಲ್ಲಿ ಎಲ್ಲೂ ಇಲ್ಲ.

ಜರಡಿ ಮುಗಿಸಿ ಏಣಿ ಹತ್ತುತ್ತಾರೆ. ಆರು ಉಯ್ಯಾಲೆ, ಹನ್ನೆರಡು ಸರಪಳಿ, ಮೇಲೊಂದು ಕೆಳಗೊಂದರಂತೆ ಇಪ್ಪತ್ತನಾಲ್ಕು ಕೊಂಡಿ. ಒಂದೊಂದಕ್ಕೂ ಹೆಬ್ಬೆರಳು ಇಟ್ಟು, ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಜಾಗದಲ್ಲಿ ಉಗುರು ಆಡಿಸುತ್ತಾರೆ. ಸವೆದಿದ್ದರೆ ಉಗುರು ಅಲ್ಲಿ ಇಳಿಯುತ್ತದೆ. “ಕಣ್ಣಿಗೆ ಮೋಸ ಆಗುತ್ತೆ, ಬಣ್ಣ ಬಳಿದುಬಿಟ್ಟಿರ್ತಾರೆ. ಉಗುರಿಗೆ ಆಗಲ್ಲ.” ಆಮೇಲೆ ಎರಡು ಜಾರುಬಂಡೆಯ ಬೋಲ್ಟುಗಳು, ಎರಡು ತುದಿಗೆ ಕೂತು ಏರಿಳಿಯುವ ಸೀ-ಸಾ ಹಲಗೆಯ ಹಿಡಿಗಳು. ಶಾಲೆಯ ದಿನಗಳಲ್ಲಿ ಸುಮಾರು ಇನ್ನೂರು ಮಕ್ಕಳು ಬರುತ್ತಾರೆ, ರಜೆಯಲ್ಲಿ ಅದರ ಎರಡು ಪಟ್ಟು. ಅವರಲ್ಲಿ ಮೊದಲ ಮಗು ಗೇಟಿಗೆ ಬರುವ ಮುಂಚೆ ಇದಿಷ್ಟೂ ಮುಗಿದಿರಬೇಕು.

ಮೊದಲು ಹೀಗಿರಲಿಲ್ಲ. ಮೊದಲಿನ ಎಂಟು ವರ್ಷ ಅವರೂ ಎಲ್ಲರಂತೆ ಎಲೆ ಗುಡಿಸಿ, ಗೇಟು ಹಾಕಿ ಮನೆಗೆ ಹೋಗುತ್ತಿದ್ದವರೇ. ಹನ್ನೊಂದು ವರ್ಷದ ಹಿಂದೆ ಒಂದು ಶನಿವಾರ ಸಂಜೆ ಮೂರನೆಯ ಉಯ್ಯಾಲೆ ಕಿರಕಿರ ಎನ್ನತೊಡಗಿತು. ಹತ್ತಿರ ಹೋಗಿ ನೋಡಿದರೆ ಮೇಲಿನ ಕೊಂಡಿ ಸವೆದು ತಂತಿಯಷ್ಟಾಗಿತ್ತು. ಕೆಲಸ ನೋಡಿಕೊಳ್ಳುವ ಮೇಸ್ತ್ರಿಗೆ ಹೇಳಿದರು. “ಸೋಮವಾರ ನೋಡೋಣ ಬಿಡಮ್ಮ,” ಎಂದು ಆತ ಗಾಡಿ ಹತ್ತಿ ಹೋದ.

ಭಾನುವಾರ ಬೆಳಿಗ್ಗೆ ಐದು ವರ್ಷದ ಹುಡುಗಿಯೊಬ್ಬಳು ಆ ಉಯ್ಯಾಲೆ ಹತ್ತಿದಳು. ತಾತ ಹಿಂದಿನಿಂದ ತಳ್ಳುತ್ತಿದ್ದರು. ಉಯ್ಯಾಲೆ ಮುಂದಕ್ಕೆ ಏರಿದಾಗ ಕೊಂಡಿ ಕಿತ್ತುಹೋಯಿತು. ಆಗ ಕೆಳಗೆ ಮರಳಿರಲಿಲ್ಲ. ತುಳಿದು ತುಳಿದು ಸಿಮೆಂಟಿನಂತಾದ ನೆಲ. ಮಗು ತಲೆಕೆಳಗಾಗಿ ಬಿತ್ತು. ತಾತ ನಿಂತಲ್ಲೇ ಕುಸಿದರು. ಕಿವಿಯಿಂದ ರಕ್ತ ಸುರಿಯುತ್ತಿದ್ದ ಮಗುವನ್ನು ಎತ್ತಿಕೊಂಡು ರಸ್ತೆಗೆ ಓಡಿ, ಎದುರು ಬಂದ ವ್ಯಾನಿಗೆ ಅಡ್ಡ ನಿಂತದ್ದು ಜರಡಿ ಅಜ್ಜಿಯೇ. ಒಂಬತ್ತು ದಿನ ಹುಡುಗಿ ಕಣ್ಣು ಬಿಡಲಿಲ್ಲ. ಹತ್ತನೆಯ ದಿನ ಬಿಟ್ಟಳು. ಜೀವ ಉಳಿಯಿತು, ಬಲಗಿವಿ ಕೇಳದಾಯಿತು.

ವಿಚಾರಣೆ ನಡೆಯಿತು. ತನಗೆ ಯಾರೂ ಏನೂ ಹೇಳಿರಲಿಲ್ಲ ಎಂದ ಮೇಸ್ತ್ರಿ. ಉಯ್ಯಾಲೆ ಹಳತಾಗಿತ್ತು ಎಂದು ಬರೆದು ಕಡತ ಮುಚ್ಚಿದರು. ಇವರ ಮೇಲೆ ಯಾರೂ ಬೆರಳು ತೋರಿಸಲಿಲ್ಲ.

ಐದು ತಿಂಗಳು ಕಳೆದ ಮೇಲೆ ಹುಡುಗಿಯ ತಾಯಿ ಒಬ್ಬರೇ ಪಾರ್ಕಿಗೆ ಬಂದರು. ನೀರಿನ ತೊಟ್ಟಿಯ ಪಕ್ಕದ ಕಲ್ಲುಬೆಂಚಿನಲ್ಲಿ ಕೂತು ಕೇಳಿದರು: “ನೀವು ಹಿಂದಿನ ದಿನಾನೇ ಹೇಳಿದ್ರಂತೆ, ಹೌದಾ?”

“ಹೇಳಿದ್ದೆ ಕಣಮ್ಮ. ಕಟ್ಟಿರಲಿಲ್ಲ.”

ಆಕೆಗೆ ಅರ್ಥವಾಗಲಿಲ್ಲ. ಇವರು ಬಿಡಿಸಿ ಹೇಳಿದರು: “ಹಗ್ಗ ನನ್ನ ರೂಮಲ್ಲೇ ಇತ್ತು. ಉಯ್ಯಾಲೆ ಎತ್ತಿ ಕಂಬಕ್ಕೆ ಕಟ್ಟಿದ್ರೆ ಯಾವ ಮಗೂನೂ ಕೂರ್ತಿರಲಿಲ್ಲ. ಯಾರನ್ನ ಕೇಳಿ ಕಟ್ಟಿದೆ ಅಂತ ಮೇಸ್ತ್ರಿ ಬೈತಾನೇನೋ ಅಂತ ಸುಮ್ಮನಾದೆ.”

ತಾಯಿ ಎದ್ದು ಹೋದರು. “ನಾಲ್ಕು ಮಾತು ಬೈದಿದ್ರೆ ಎದೆ ಹಗುರ ಆಗ್ತಿತ್ತು,” ಎನ್ನುತ್ತಾರೆ ಇವರು ಈಗ. “ಅವರು ಬೈಲಿಲ್ಲ.”

ಆವತ್ತಿನಿಂದ ಅವರದ್ದು ಒಂದೇ ನಿಯಮ: ಮೊದಲು ಕಟ್ಟು, ಆಮೇಲೆ ಹೇಳು. ಅನುಮಾನ ಬಂದದ್ದನ್ನು ಯಾರ ಅಪ್ಪಣೆಗೂ ಕಾಯದೆ ಕೆಂಪು ಬಟ್ಟೆಯಲ್ಲಿ ಬಿಗಿದುಬಿಡುತ್ತಾರೆ. ಪಟ್ಟಿಗಳನ್ನು ಹೊಲಿದುಕೊಡುವುದು ದರ್ಜಿಯಾಗಿರುವ ಗಂಡ. ಮಂಡಿನೋವಿನಿಂದ ಮನೆ ಹಿಡಿದು ಮೆಷಿನ್ ಮುಂದೆಯೇ ಕೂತಿರುವ ಅವರು, “ಗಿರಾಕಿಗಳು ಹಬ್ಬಕ್ಕೋ ಮದುವೆಗೋ ಹೊಲಿಸ್ತಾರೆ. ನನ್ನ ಹೆಂಡತಿ ಮಾತ್ರ ವರ್ಷವಿಡೀ ಉಯ್ಯಾಲೆಗೆ ಹೊಲಿಸ್ತಾಳೆ,” ಎಂದು ನಗುತ್ತಾರೆ. ಮರಳು ಹಾಕಿಸಿ ಎಂದು ಕಚೇರಿಗೆ ಏಳು ಅರ್ಜಿ ಬರೆದುಕೊಟ್ಟವರೂ ಅವರೇ. ಎರಡು ವರ್ಷ ಉತ್ತರವಿಲ್ಲ. ಕೊನೆಗೊಂದು ದಿನ ಪಕ್ಕದ ರಸ್ತೆ ಕೆಲಸದಲ್ಲಿ ಮಿಕ್ಕ ಎರಡು ಲೋಡು ಮರಳು ತಾನಾಗಿ ಬಂತು.

ಹಗಲಿಡೀ ಜರಡಿ ಅಜ್ಜಿಯ ಬಾಯಿಗೆ ಬಿಡುವಿಲ್ಲ. ಶಾಲೆಯಿಂದ ನೇರ ಬರುವ ಮಕ್ಕಳು ಕೊರಳಿನ ಗುರುತಿನ ಚೀಟಿ ತೆಗೆದು ಗೋಡೆಯ ಮೊಳೆಗೆ ನೇತು ಹಾಕಿಯೇ ಮುಂದೆ ಹೋಗಬೇಕು. ಜಾರುವಾಗ ಅದರ ದಾರ ಮೇಲೆ ಸಿಕ್ಕಿಕೊಂಡರೆ ಕೊರಳಿಗೆ ಬಿಗಿಯುತ್ತದೆ. ಬಿಸಿಲು ಏರಿತೆಂದರೆ ಜಾರುಬಂಡೆಯ ತಗಡಿಗೆ ಮುಂಗೈ ಇಟ್ಟು ನೋಡುತ್ತಾರೆ. ಕೈ ಹಿಂದೆ ಬಂದರೆ ಜಾರುಬಂಡೆಗೆ ರಜೆ. ಎಷ್ಟೋ ತಂದೆತಾಯಿಗಳಿಗೆ ಸಿಟ್ಟು ಬರುತ್ತದೆ. “ಪಾರ್ಕು ನಿಮ್ಮಪ್ಪಂದಾ?” ಎಂದು ಒಬ್ಬ ತಂದೆ ಕೇಳಿದ್ದನಂತೆ. “ಅಲ್ಲಪ್ಪ, ಚರ್ಮ ನಿನ್ನ ಮಗಂದು ಅಂದೆ. ಹೋಗಿ ನೆರಳಲ್ಲಿ ಕೂತ.”

ಮೂರು ವರ್ಷದ ಹಿಂದೆ ಪಾರ್ಕಿಗೆ ಹೊಸ ಹತ್ತುಗೂಡು ಬಂತು. ಕಂಬಿಗಳನ್ನು ಹೆಣೆದು ಮಾಡಿದ, ಮಕ್ಕಳು ಹತ್ತಿಳಿದು ಆಡುವ ಗೂಡು. ಮಾರನೆಯ ದಿನ ಉದ್ಘಾಟನೆ. ಕುರ್ಚಿ, ರಿಬ್ಬನ್ನು ಎಲ್ಲ ತಯಾರು. ಜರಡಿ ಅಜ್ಜಿ ಮಗುವಿನ ತಲೆಯಷ್ಟು ದಪ್ಪದ ರಬ್ಬರ್ ಚೆಂಡೊಂದನ್ನು ಕಂಬಿಗಳ ಸಂದಿಗೆಲ್ಲ ಹಿಡಿದು ನೋಡಿದರು. ಮೇಲಿನ ಸಾಲಿನಲ್ಲಿ ಮಗುವಿನ ಮೈ ತೂರುವಷ್ಟು ಜಾಗವಿತ್ತು, ಚೆಂಡು ಮಾತ್ರ ತೂರಲಿಲ್ಲ. ಕಾಲು ಮುಂದಾಗಿ ಜಾರಿದ ಮಗು ತಲೆ ಸಿಕ್ಕಿ ನೇತಾಡುತ್ತದೆ. ಸುತ್ತ ಕೆಂಪು ಬಟ್ಟೆ ಕಟ್ಟಿ, ಬೆಳಿಗ್ಗೆ ಗೇಟಿನ ಬೀಗ ತೆಗೆಯಲಿಲ್ಲ.

ಉದ್ಘಾಟನೆಗೆ ಬಂದ ನಗರಸಭೆಯ ಎಂಜಿನಿಯರು ಹೊರಗಿನಿಂದಲೇ ಗದರಿದರು. ಇವರು ಗೇಟಿನ ಕಂಬಿಯ ಸಂದಿನಿಂದ ಚೆಂಡು ಚಾಚಿ, “ನೀವೇ ನೋಡಿ ಸಾರ್,” ಎಂದರು. ಅವರು ಒಬ್ಬರೇ ಒಳಗೆ ಬಂದು ಚೆಂಡು ಹಿಡಿದು ನೋಡಿದರು. ಒಂದು ಸಲವಲ್ಲ, ನಾಲ್ಕು ಸಲ. ಹೊರಗೆ ಹೋಗಿ ಫೋನು ಹಚ್ಚಿದರು. ಅಡ್ಡಪಟ್ಟಿ ಬೆಸುಗೆಯಾಗಿ, ಉದ್ಘಾಟನೆ ನಾಲ್ಕು ದಿನ ತಡವಾಗಿ ನಡೆಯಿತು. ಐದನೆಯ ದಿನ ಇವರನ್ನು ಚರಂಡಿ ಗುಡಿಸುವ ಕೆಲಸಕ್ಕೆ ಹಾಕಿದ ಆದೇಶ ಬಂತು. “ವರ್ಗಾವಣೆ ಅಂದ್ರೆ ದೊಡ್ಡ ಸಾಹೇಬರಿಗೆ ಮಾತ್ರ ಅಂದ್ಕೊಂಡಿದ್ದೆ. ನಂಗೂ ಆ ಮರ್ಯಾದೆ ಸಿಕ್ತು.”

ಎರಡು ತಿಂಗಳು ಚರಂಡಿ ಗುಡಿಸಿದರು. ಆದರೆ ದಿನಾ ನಸುಕಿನಲ್ಲೇ ಪಾರ್ಕಿಗೆ ಬಂದು, ಅಲ್ಲಿನ ರಾತ್ರಿ ಕಾವಲುಗಾರನಿಂದ ಗೇಟು ತೆಗೆಸಿ, ಇಪ್ಪತ್ತನಾಲ್ಕು ಕೊಂಡಿ ಮುಟ್ಟಿಯೇ ಆ ಕೆಲಸಕ್ಕೆ ಹೋಗುತ್ತಿದ್ದರು. ಇವರ ಜಾಗಕ್ಕೆ ಬಂದವನು ಬೇರೆ ಕೆಲಸ ಹುಡುಕಿಕೊಂಡು ಹೋದ. ಬರುವವರು ಯಾರೂ ಇಲ್ಲವೆಂದಾದಾಗ ಕಚೇರಿಯವರು ಇವರನ್ನೇ ವಾಪಸು ಕಳಿಸಿದರು.

ಎಷ್ಟು ಮಕ್ಕಳನ್ನು ಉಳಿಸಿರಬಹುದು ಎಂದು ಕೇಳಿದರೆ ಅವರಿಗೆ ಮುಜುಗರ. “ಏನೂ ಆಗದ ಮಕ್ಕಳು ಮನೆಗೆ ಹೋಗಿ ಉಂಡು ಮಲಗಿರ್ತವೆ. ಅದನ್ನ ಯಾರು ಬಂದು ನಂಗೆ ಹೇಳ್ತಾರೆ?”

ನಿವೃತ್ತಿಗೆ ಇನ್ನು ಒಂದು ವರ್ಷ ಎರಡು ತಿಂಗಳು. ಹೊಸಬರನ್ನು ಒಂದು ತಿಂಗಳು ಮುಂಚೆ ಕಳಿಸಿಕೊಡಿ, ಕೆಲಸ ಕಲಿಸುತ್ತೇನೆ ಎಂದು ಕಚೇರಿಯಲ್ಲಿ ಕೇಳಿದ್ದಾರೆ. ಒಂದು ಹುದ್ದೆಗೆ ಇಬ್ಬರನ್ನು ಹಾಕುವ ನಿಯಮವಿಲ್ಲ ಎಂಬ ಉತ್ತರ ಬಂದಿದೆ. ಅವರು ಬಿಟ್ಟಿಲ್ಲ.

“ನಿವೃತ್ತಿ ಆದ ಮಾರನೇ ದಿನದಿಂದ ನಾನೇ ಬರ್ತೀನಿ. ಪಾರ್ಕಿಗೆ ಬರೋದಕ್ಕೆ ಯಾರ ಅಪ್ಪಣೆ ಬೇಕು ಹೇಳಿ? ಬಂದವರ ಪಕ್ಕ ನಿಂತು, ಉಗುರು ಎಲ್ಲಿಡಬೇಕು ಅಂತ ತೋರಿಸ್ತೀನಿ. ತೋರಿಸಿದ್ದು ಒಂದು ದಿನಕ್ಕೆ ಬರುತ್ತೆ. ಬೇಜಾರಾದ ದಿನಾನೂ ಮಾಡ್ಬೇಕಲ್ಲ, ಅದು ಬರೋಕೆ ಒಂದು ತಿಂಗಳು ಬೇಕು. ಅಷ್ಟು ಸಿಕ್ಕಿದ್ರೆ ಸಾಕು ನಂಗೆ.”