ಜಪಕ್ಕೆ ಉತ್ತರ ಕೊಟ್ಟವನು

ಸಂಜೆ ಏಳು ಗಂಟೆ. ಇಗರ್ಜಿಯ ಗಂಟೆ ಹೊಡೆದು ನಿಂತದ್ದೇ ಫೋನ್ ಬಂತು. ಎಲ್ಲ ಕೆಟ್ಟದ್ದು ಆಗಿನಿಂದ.

ಅದು ಅರವತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎ. ಮುಗಿಸಿ ಶಾಲೆಯಲ್ಲಿ ಕಲಿಸುತ್ತ, ಕದ್ರಿಯಲ್ಲಿ ಅಮ್ಮನ ಅಕ್ಕನ ಮನೆಯಲ್ಲಿದ್ದೆ. ಮಾವ್ಶಿ ಎಂದು ಕರೆಯುತ್ತಿದ್ದೆ. ಡಾಕ್ಟರಾಗಿದ್ದ ಗಂಡ ತೀರಿಹೋದ ಮೇಲೂ ಅವರು ಫೋನ್ ತೆಗೆಸಿರಲಿಲ್ಲ.

ಫೋನ್ ಮಾಡಿದವನು ಮಾವ್ಶಿಯ ಗಂಡನ ತಂಗಿಯ ಮಗನಂತೆ, ಬೊಂಬಾಯಿಯಲ್ಲಿ ಹಡಗಿನ ಕೆಲಸವಂತೆ. ಮಾವ್ಶಿ ಆ ಹುಡುಗನನ್ನು ಕೊನೆಗೆ ಕಂಡದ್ದು ತೊಟ್ಟಿಲಲ್ಲಿ. ಆಮೇಲೆ ದಿನವೂ ಅದೇ ಹೊತ್ತಿಗೆ ಕರೆ; ಟ್ರಂಕ್ ಕಾಲಿನ ಖರ್ಚು ಹಡಗಿನ ಕಂಪೆನಿಯದ್ದಂತೆ. ಮಾವ್ಶಿ ರಿಸೀವರನ್ನು ಕಿವಿಗೊತ್ತಿಕೊಂಡೇ ತೇರ್ಸ್ ಹೇಳುತ್ತಿದ್ದರು. ಸಂಜೆಯ ಆ ಜಪಸರದ ಪ್ರಾರ್ಥನೆಯಲ್ಲಿ ಒಬ್ಬರು ಅರ್ಧ ಹೇಳಿದರೆ ಇನ್ನೊಬ್ಬರು ಉಳಿದರ್ಧ ಹೇಳಬೇಕು. ಆ ಉಳಿದರ್ಧ ಅವನದ್ದು. ಕೊನೆಯಲ್ಲಿ ತೀರಿಹೋದವರನ್ನು ಹೆಸರು ಹಿಡಿದು ನೆನೆಯುವುದು ರೂಢಿ. ಕೆಲವು ದಿನಗಳಲ್ಲೇ ಆ ಹೆಸರುಗಳನ್ನು ಅವನೇ ಮೊದಲು ಹೇಳತೊಡಗಿದ.

"ನೋಡು, ನಮ್ಮ ಸತ್ತವರೆಲ್ಲ ಅವನಿಗೆ ನೆನಪುಂಟು," ಎಂದು ಮಾವ್ಶಿ ಕಣ್ಣೊರೆಸಿಕೊಂಡರು. ಆ ಹೆಸರುಗಳನ್ನು ಕೊಟ್ಟದ್ದು ಅವರೇ.

ಒಂದು ಸಂಜೆ ಅವರು ಮನೆಯ ದೇವರ ಆಲ್ತಾರಿನ ಮುಂದೆ ಮೊಂಬತ್ತಿ ಹಚ್ಚುತ್ತಿದ್ದರು. ಅಂದು ಗಂಟೆಗೆ ಮೊದಲೇ ಬಂದ ಫೋನನ್ನು ನಾನೆತ್ತಿದೆ. ಅತ್ತ ಮಾತಿಲ್ಲ, ಬರೀ ಉಸಿರು. ಆಗ ಇಗರ್ಜಿಯ ಗಂಟೆ ಹೊಡೆಯಿತು. ಕಿಟಕಿಯಿಂದ ಒಂದು ಕಿವಿಗೆ, ರಿಸೀವರಿನಿಂದ ಇನ್ನೊಂದಕ್ಕೆ. ಅದೇ ಗಂಟೆ, ಅದೇ ಹೊಡೆತ. ನಾನು ರಿಸೀವರ್ ಇಟ್ಟುಬಿಟ್ಟೆ.

"ಮಾವ್ಶಿ, ಅವನು ಬೊಂಬಾಯಿಯಲ್ಲಿಲ್ಲ. ಇಲ್ಲೇ ಎಲ್ಲೋ ಇದ್ದಾನೆ."

"ಎಂತದ್ದು ನಿನ್ನದು? ಅವನು ಬರುವುದು ನಾಳೆ. ಹಡಗಿನವರಿಗೆ ಗೊತ್ತಾಗಬಾರದಂತೆ. ಹಿಂದಿನ ಬಾಗಿಲಿನ ಚಿಲಕ ತೆಗೆದಿಡ್ಲಿಕ್ಕೆ ಹೇಳಿದ್ದಾನೆ."

ನಾನು ಹೋಗಿ ಚಿಲಕ ಹಾಕಿ, ಬಾಗಿಲಿಗೆ ಮೇಜು ಒತ್ತಿಟ್ಟೆ.

"ಬಿ.ಎ. ಕಲಿತದ್ದು ಪೊಲೀಸ್ ಆಗ್ಲಿಕ್ಕಾ ಮಾರಾಯ್ತಿ? ಇಷ್ಟು ದಿನ ಇದೇ ಮನೆಯಲ್ಲಿದ್ದೀ. ನನ್ನ ತೇರ್ಸಿಗೆ ಒಂದು ದಿನ ಉತ್ತರ ಕೊಟ್ಟಿದ್ದೀಯಾ? ಅವನು ಕೊಟ್ಟ."

ಮರುದಿನ ಕತ್ತಲಾಗುವಾಗ ಹಿತ್ತಲಲ್ಲಿ ತರಗೆಲೆ ಸದ್ದಾಯಿತು. ಯಾರೋ ಬಾಗಿಲು ತಳ್ಳಿದರು. ಮೇಜು ಅಲುಗಿತು. ಆಮೇಲೆ ಹೊರಗಿನಿಂದ, ಬಹಳ ಮೆಲ್ಲಗೆ, "ನಮಾನ್ ಮೊರಿಯೆ..." ಪ್ರಾರ್ಥನೆಯ ಮೊದಲರ್ಧ. ಹೇಳಿ ಮುಗಿಸಿ ಅವನು ಕಾದ. ಮಾವ್ಶಿಯ ತುಟಿ ತಾನಾಗಿ ಬಿಚ್ಚಿತು. ನಾನು ಅಂಗೈಯಿಂದ ಅವರ ಬಾಯಿ ಮುಚ್ಚಿದೆ. ಅವನು ಕಾಯುತ್ತಲೇ ಇದ್ದ. ಕೊನೆಗೆ ತರಗೆಲೆ ಸದ್ದು ದೂರವಾದ ಮೇಲೆ ನಾನು ಪೊಲೀಸರಿಗೆ ಫೋನ್ ಮಾಡಿದೆ.

ಪೊಲೀಸರಿಗೆ ಯಾರೂ ಸಿಗಲಿಲ್ಲ. ಆಮೇಲೂ ದಿನಾ ಏಳಕ್ಕೆ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ನಾವು ಎತ್ತಲಿಲ್ಲ. ರಾತ್ರಿ ಸರದಿಯಲ್ಲಿ ಎಚ್ಚರವಿರುತ್ತಿದ್ದೆವು.

ಕೊನೆಗೆ ಮಾವ್ಶಿಯೇ ಹೇಳಿ ಫೋನ್ ತೆಗೆಸಿದರು. ಆ ಸಂಜೆ ನಾನು ಪಕ್ಕದಲ್ಲಿ ಮೊಣಕಾಲೂರಿ ಉಳಿದರ್ಧ ಹೇಳಿದೆ. ಸತ್ತವರ ಹೆಸರು ಬಂದಾಗ ಅವರು ಜಪ ನಿಲ್ಲಿಸಿ, ಹಿಂದಿನ ಬಾಗಿಲ ಕಡೆ ನೋಡಿದರು. ಆಮೇಲೆ ಒಬ್ಬೊಬ್ಬರನ್ನೇ ಗಟ್ಟಿಯಾಗಿ ಹೆಸರಿಸಿದರು.

ಅಂದು ಇಬ್ಬರೂ ಬೆಳಗಿನ ಗಂಟೆ ಹೊಡೆಯುವ ತನಕ ನಿದ್ರಿಸಿದೆವು.